ಮೂರು ನಿಮಿಷದ ದೃಶ್ಯ, ಮುಕ್ಕಾಲು ಗಂಟೆಯ ಪಾಠ: ಟಿವಿ ನೋಡಿ ಇಟಾಲಿಯನ್ ಕಲಿಯುವ ಬಗೆ

(ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಟಿವಿ ನೋಡಿ ಭಾಷೆ ಬರುತ್ತದೆಯೇ? ಇಟಾಲಿಯನ್ ಮಟ್ಟಿಗೆ ಈ ಪ್ರಶ್ನೆಗೆ ಇಟಲಿಯ ಚರಿತ್ರೆಯೇ ಉತ್ತರ ಕೊಟ್ಟಿದೆ. 1861ರಲ್ಲಿ ಇಟಲಿ ಒಂದು ದೇಶವಾದಾಗ ಇಟಾಲಿಯನ್ ಬಲ್ಲವರು ನೂರಕ್ಕೆ ಎರಡೂವರೆ ಮಂದಿ ಮಾತ್ರ ಎಂದು ಭಾಷಾವಿಜ್ಞಾನಿ ತುಲ್ಯೊ ದೆ ಮೌರೊ ಲೆಕ್ಕ ಹಾಕಿದ್ದರು. ಆ ಲೆಕ್ಕ ತೀರಾ ಕಡಿಮೆಯಾಯಿತು ಎನ್ನುವ ವಿದ್ವಾಂಸರೂ ನೂರಕ್ಕೆ ಹತ್ತರ ಆಸುಪಾಸಿಗಿಂತ ಮೇಲೆ ಹೋಗಲಿಲ್ಲ. ಮಿಕ್ಕವರೆಲ್ಲ ಮನೆಯಲ್ಲಿ ಆಡುತ್ತಿದ್ದದ್ದು ಸಿಸಿಲಿಯದೋ ನೇಪಲ್ಸಿನದೋ ವೆನಿಸಿನದೋ ನುಡಿ. ಸರ್ಕಾರಿ ಪ್ರಸಾರ ಸಂಸ್ಥೆ ರಾಯಿ 1954ರ ಜನವರಿ 3ರಂದು ಟಿವಿ ಪ್ರಸಾರ ಶುರುಮಾಡಿತು. 1960ರಿಂದ 1968ರವರೆಗೆ ಅಲ್ಬೆರ್ತೊ ಮಾಂತ್ಸಿ ಎಂಬ ಶಾಲಾ ಮೇಷ್ಟ್ರು ಅದೇ ಟಿವಿಯಲ್ಲಿ ಅಕ್ಷರ ಬಾರದ ದೊಡ್ಡವರಿಗೆ ಪಾಠ ಮಾಡಿದರು. ದೊಡ್ಡ ಹಾಳೆಯ ಮೇಲೆ ಇದ್ದಿಲಿನಲ್ಲಿ ಚಿತ್ರ ಬಿಡಿಸುತ್ತ, ಆ ಚಿತ್ರದಿಂದ ಪದಕ್ಕೆ, ಪದದಿಂದ ಅಕ್ಷರಕ್ಕೆ ಕರೆದೊಯ್ಯುತ್ತಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಜನ ಹೀಗೆ ಕಲಿತು ಪ್ರಾಥಮಿಕ ಶಾಲೆಯ ಪ್ರಮಾಣಪತ್ರ ಪಡೆದರು.

ಆದರೆ ಆ ಜನ ಟಿವಿ ಮುಂದೆ ಸುಮ್ಮನೆ ಕೂತಿರಲಿಲ್ಲ. ಊರೂರಿನಲ್ಲಿ ಟಿವಿ ಇಟ್ಟ ಕೇಂದ್ರಗಳಿಗೆ ಬಂದು, ಪುಸ್ತಕ ತೆರೆದು, ಪೆನ್ಸಿಲ್ ಹಿಡಿದು ನೋಡಿದರು. ಇವತ್ತು ಹೇಳಬೇಕಾಗಿರುವುದರ ಸಾರವೂ ಇದೇ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಒಂದು ಇಡೀ ಸೀಸನ್ ನೋಡಿದರೂ ಕಿವಿಗೆ ಇಟಾಲಿಯನ್ ಹತ್ತುವುದಿಲ್ಲ. ಮೂರೇ ನಿಮಿಷದ ದೃಶ್ಯವನ್ನು ಕ್ರಮವಾಗಿ ನಾಲ್ಕು ಸುತ್ತು ಕೇಳಿದರೆ ಹತ್ತುತ್ತದೆ.

ಮೊದಲು ಕಿವಿಯ ವಿಚಾರ. ಕನ್ನಡದವರಿಗೆ ಇಲ್ಲಿ ಒಂದು ಅನುಕೂಲವಿದೆ, ಹೆಚ್ಚಿನವರು ಅದನ್ನು ಬಳಸಿಕೊಳ್ಳುವುದಿಲ್ಲ. ಇಟಾಲಿಯನ್‌ನಲ್ಲಿ ಒತ್ತಕ್ಷರ ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಪೆನ್ನ ಎಂದರೆ ಲೇಖನಿ, ಪೇನ ಎಂದರೆ ಶಿಕ್ಷೆ ಅಥವಾ ಸಂಕಟ. ಸೆತ್ತೆ ಏಳು, ಸೇತೆ ಬಾಯಾರಿಕೆ. ಪಲ್ಲ ಚೆಂಡು, ಪಾಲ ಸಲಿಕೆ. ಕಪ್ಪೆಲ್ಲೊ ಟೋಪಿ, ಕಪೆಲ್ಲೊ ಕೂದಲು. ನೊನ್ನೊ ಅಜ್ಜ, ನೋನೊ ಒಂಬತ್ತನೆಯದು. ಇಂಗ್ಲಿಷ್ ಮಾತೃಭಾಷೆಯವರು ಈ ವ್ಯತ್ಯಾಸ ಹಿಡಿಯಲು ಬಹಳ ದಿನ ಒದ್ದಾಡುತ್ತಾರೆ. ಬಳಿ ಮತ್ತು ಬಳ್ಳಿ, ಎಲೆ ಮತ್ತು ಎಲ್ಲೆ ಎಂದು ಬೇರೆ ಬೇರೆ ಕೇಳಿ ಬೆಳೆದ ನಮಗೆ ಅದು ಸಲೀಸು. ಇನ್ನೊಂದು ಅನುಕೂಲ: ಇಟಾಲಿಯನ್‌ನ ತಕಾರ, ದಕಾರಗಳು ಹಲ್ಲಿಗೆ ನಾಲಿಗೆ ತಾಗಿಸಿ ಆಡುವವು, ನಮ್ಮ ತ, ದ ಇದ್ದ ಹಾಗೆ. ತುತ್ತೊ ಎನ್ನಬೇಕು, ಟುಟ್ಟೊ ಅಲ್ಲ. ಇಂಗ್ಲಿಷ್ ಕಾಗುಣಿತ ನೋಡಿ ಓದುವವರು ಅಭ್ಯಾಸಬಲದಿಂದ ಟ, ಡ ಹಾಕಿಬಿಡುತ್ತಾರೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಫೀಲ್ಯೊ, ಅಂದರೆ ಮಗ ಎಂಬ ಪದದಲ್ಲಿ ಬರುವ ಧ್ವನಿ ಲ ಅಲ್ಲ, ಳ ಅಂತೂ ಅಲ್ಲವೇ ಅಲ್ಲ. ನಾಲಿಗೆಯ ಮಧ್ಯಭಾಗ ಅಂಗುಳಕ್ಕೆ ಅಂಟಿಕೊಂಡು ಬರುವ ಲಕಾರ ಅದು. ಬಾಞ್ಞೊ, ಅಂದರೆ ಬಚ್ಚಲುಮನೆ ಎಂಬಲ್ಲಿ ಬರುವುದು ನಾವು ಜ್ಞಾನ ಎನ್ನುವಾಗಿನ ಧ್ವನಿ ಅಲ್ಲ, ಶುದ್ಧವಾದ ಞ. ಪಿತ್ಸಾದಲ್ಲಿರುವ ತ್ಸ, ಮೆದ್ಜೊದಲ್ಲಿರುವ ದ್ಜ ಕನ್ನಡದಲ್ಲಿ ಇಲ್ಲ. ಕರಾವಳಿಯ ಕೊಂಕಣಿಗರಿಗೆ ಅವು ಮನೆಮಾತಿನಲ್ಲೇ ಸಿಗುತ್ತವೆ. ರೋಮಿನ ಧಾರ್ಮಿಕ ವಿದ್ಯಾಪೀಠಗಳಿಗೆ ಹೊರಡುವ ಮಂಗಳೂರಿನ ಪಾದ್ರಿಗಳಿಗೂ ಸಿಸ್ಟರುಗಳಿಗೂ ಇದು ನೇರವಾಗಿ ಉಪಯೋಗಕ್ಕೆ ಬರುವ ಮಾತು.

ಆದ್ದರಿಂದ ಮೊದಲ ಕೆಲವು ತಿಂಗಳು ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ವಾರಕ್ಕೊಮ್ಮೆ 30ರಿಂದ 45 ಸೆಕೆಂಡಿನ ತುಣುಕು ಸಾಕು. ಸಬ್‌ಟೈಟಲ್ ಮುಚ್ಚಿ, ಕೇಳಿ, ನಿಲ್ಲಿಸಿ, ಕಿವಿಗೆ ಬಿದ್ದದ್ದನ್ನು ಬಿದ್ದಂತೆ ಬರೆಯಿರಿ. ಒತ್ತು, ದೀರ್ಘ, ತ-ಟ ಭೇದ ಎಲ್ಲವನ್ನೂ ನಮ್ಮ ಲಿಪಿ ಹಿಡಿಯುತ್ತದೆ. ಆಮೇಲೆ ಇಟಾಲಿಯನ್ ಸಬ್‌ಟೈಟಲ್ ತೆರೆದು, ಪಕ್ಕದಲ್ಲಿ ರೋಮನ್ ಕಾಗುಣಿತ ಬರೆದು, ಎಲ್ಲೆಲ್ಲಿ ತಪ್ಪಿತು ನೋಡಿ. ತಪ್ಪುಗಳು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಗುಂಪುಗಟ್ಟಿರುತ್ತವೆ: ಸಣ್ಣ ಸಣ್ಣ ಪದಗಳು ಒಂದಕ್ಕೊಂದು ಅಂಟಿಕೊಳ್ಳುವ ಕಡೆ.

ಈ ಅಂಟು ಬಹಳ ಮುಖ್ಯ, ಸ್ವಲ್ಪ ಬಿಡಿಸಿ ನೋಡೋಣ. 'ಅವನಿಗೆ ಅದನ್ನು ಹೇಳಿದ್ದೇನೆ' ಎನ್ನಲು ಪುಸ್ತಕದಲ್ಲಿ ನಾಲ್ಕು ತುಂಡು ಇರುತ್ತವೆ: ಲ್ಯಿ, ಲೊ, ಒ, ದೆತ್ತೊ. ಬಾಯಲ್ಲಿ ಅದು ಒಂದೇ ಉಸಿರಿನಲ್ಲಿ 'ಲ್ಯೆಲೊದ್ದೆತ್ತೊ' ಆಗುತ್ತದೆ. 'ನನ್ನ ಹತ್ತಿರ ಇದೆ' ಎನ್ನುವುದು 'ಚೆಲೊ'. 'ನನ್ನಿಂದ ಆಗ್ತಿಲ್ಲ' ಎನ್ನುವುದು 'ನೊನ್ಚೆಲಫಾಚ್ಚೊ'. ರೋಮಿನಲ್ಲಿ, ತೊಸ್ಕಾನದಲ್ಲಿ, ದಕ್ಷಿಣದಲ್ಲಿ 'ಅ ಕಾಸ', ಅಂದರೆ ಮನೆಗೆ, 'ಅಕ್ಕಾಸ' ಎಂದೇ ಕೇಳಿಸುತ್ತದೆ. ಮಿಲಾನಿನ ಕಡೆ ಆ ಒತ್ತು ಇರುವುದಿಲ್ಲ. ಪುಸ್ತಕದಲ್ಲಿ 'ಏನು ಮಾಡುತ್ತಿದ್ದೀಯೆ' ಎಂದು ಕಲಿತವನಿಗೆ ಬೆಂಗಳೂರಿನ ಬೀದಿಯಲ್ಲಿ 'ಏನ್ಮಾಡ್ತಿದೀಯ' ಕೇಳಿದಾಗ ಆಗುವ ತಬ್ಬಿಬ್ಬೇ ಇದು. ನಿಘಂಟಿನಲ್ಲಿ ಹುಡುಕಿದರೆ 'ಚೆಲೊ' ಸಿಗುವುದಿಲ್ಲ. ಇಂಥ ಗಂಟುಗಳನ್ನು ಇಡಿಯಾಗಿ, ಅವು ಬಂದ ವಾಕ್ಯದ ಸಮೇತ ಬರೆದಿಟ್ಟುಕೊಳ್ಳಬೇಕು. ನೆನಪಿನ ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸುವ ಆಂಕಿ ಆಪ್ ಬಳಸುವವರು ಕಾರ್ಡಿನ ಒಂದು ಬದಿಗೆ ಆ ವಾಕ್ಯದ ಧ್ವನಿ, ಇನ್ನೊಂದು ಬದಿಗೆ ಬರಹ ಹಾಕಲಿ. ಬಿಡಿ ಪದದ ಕಾರ್ಡಿಗಿಂತ ಇದು ಎಷ್ಟೋ ಮೇಲು.

ಈಗ ನಾಲ್ಕು ಸುತ್ತಿನ ಕ್ರಮ. ಎರಡರಿಂದ ಮೂರು ನಿಮಿಷದ ದೃಶ್ಯ ಆರಿಸಿ. ಇಬ್ಬರೋ ಮೂವರೋ ಮಾತಾಡುತ್ತಿರಬೇಕು, ಹಿನ್ನೆಲೆ ಸಂಗೀತ ಕಡಿಮೆ ಇರಬೇಕು. ಹೆಡ್‌ಫೋನ್ ಹಾಕಿ. ಫೋನಿನ ಸ್ಪೀಕರಿನಲ್ಲಿ ಒತ್ತಕ್ಷರದ ಬಿಗಿ ಸರಿಯಾಗಿ ಕೇಳಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಸಬ್‌ಟೈಟಲ್ ಇಲ್ಲ, ನಿಲ್ಲಿಸುವುದೂ ಇಲ್ಲ. ಯಾರು, ಎಲ್ಲಿ, ಏನು ಬೇಕಂತೆ, ಇಷ್ಟು ಊಹಿಸಿದರೆ ಸಾಕು. ಎರಡನೆಯ ಸುತ್ತಿನಲ್ಲಿ ಇಟಾಲಿಯನ್ ಸಬ್‌ಟೈಟಲ್ ಹಾಕಿ, ಸಾಲುಸಾಲಾಗಿ ನಿಲ್ಲಿಸಿ. ಹೊಸ ಪದ ಎಂಟು ಹತ್ತು ಮಾತ್ರ ಹುಡುಕಿ. ಅದಕ್ಕಿಂತ ಹೆಚ್ಚು ಹುಡುಕಬೇಕಾದರೆ ದೃಶ್ಯ ನಿಮ್ಮ ಮಟ್ಟಕ್ಕೆ ಮೀರಿದ್ದು, ಬದಲಿಸಿ. ಮೂರನೆಯ ಸುತ್ತಿನಲ್ಲಿ ಮತ್ತೆ ಸಬ್‌ಟೈಟಲ್ ತೆಗೆಯಿರಿ. ಮೊದಲ ಸುತ್ತಿನಲ್ಲಿ ಗೊಜಗೊಜ ಅನ್ನಿಸಿದ್ದು ಈಗ ಪದಪದವಾಗಿ ಬಿಡಿಸಿಕೊಳ್ಳುತ್ತದೆ. ಕಿವಿ ಕಲಿಯುವುದು ಈ ಸುತ್ತಿನಲ್ಲಿ, ಆದರೆ ಬಹುತೇಕರು ಬಿಟ್ಟುಬಿಡುವುದೂ ಇದನ್ನೇ. ನಾಲ್ಕನೆಯ ಸುತ್ತಿನಲ್ಲಿ ನಾಲ್ಕಾರು ಸಾಲು ಆರಿಸಿ, ಪಾತ್ರದ ಹಿಂದೆಯೇ ಅರ್ಧ ಕ್ಷಣ ತಡವಾಗಿ, ಅದೇ ಏರಿಳಿತದಲ್ಲಿ ಜೋರಾಗಿ ಹೇಳಿ. ಎಲ್ಲ ಸೇರಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮರುದಿನ ಅದೇ ದೃಶ್ಯವನ್ನು ಸಬ್‌ಟೈಟಲ್ ಇಲ್ಲದೆ ಒಮ್ಮೆ ಕೇಳಿ ಮುಂದಕ್ಕೆ ಹೋಗಿ.

ಇಟಾಲಿಯನ್ನರು ಸೆಕೆಂಡಿಗೆ ಸುಮಾರು ಏಳು ಉಚ್ಚಾರದ ಅಕ್ಷರಗಳ (ಸಿಲಬಲ್) ವೇಗದಲ್ಲಿ ಮಾತಾಡುತ್ತಾರೆ. ಹಾಗಾಗಿ ವೇಗ ತಗ್ಗಿಸುವ ಆಸೆ ಸಹಜ. ಯೂಟ್ಯೂಬಿನಲ್ಲಿ 0.75ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. 0.5ರಲ್ಲಿ ಸ್ವರಗಳು ಎಳೆದುಕೊಂಡು ಒತ್ತಿಗೂ ಒತ್ತಿಲ್ಲದ್ದಕ್ಕೂ ವ್ಯತ್ಯಾಸ ಕದಡಿಹೋಗುತ್ತದೆ. ನಿಧಾನಿಸಿ ಕೇಳಿದ ಸಾಲನ್ನು ಕೊನೆಗೊಮ್ಮೆ ಪೂರ್ತಿ ವೇಗದಲ್ಲಿ ಕೇಳಿಯೇ ಬಿಡಬೇಕು. ಕಂಪ್ಯೂಟರಿನಲ್ಲಿ ಎಡ ಬಾಣದ ಕೀಲಿ ಐದು ಸೆಕೆಂಡು ಹಿಂದಕ್ಕೆ ಒಯ್ಯುತ್ತದೆ. ಕ್ರೋಮ್ ಬ್ರೌಸರಿಗೆ ಲ್ಯಾಂಗ್ವೇಜ್ ರಿಯಾಕ್ಟರ್ ಎಂಬ ಜೋಡಣೆ ಹಾಕಿಕೊಂಡರೆ ನೆಟ್‌ಫ್ಲಿಕ್ಸ್ ಮತ್ತು ಯೂಟ್ಯೂಬ್‌ನಲ್ಲಿ ಎ ಒತ್ತಿದರೆ ಹಿಂದಿನ ಸಾಲು, ಎಸ್ ಒತ್ತಿದರೆ ಅದೇ ಸಾಲು, ಡಿ ಒತ್ತಿದರೆ ಮುಂದಿನ ಸಾಲು ಬರುತ್ತದೆ. ಎರಡನೆಯ ಸುತ್ತಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಸಬ್‌ಟೈಟಲ್ ಬಗ್ಗೆ ಎಚ್ಚರ ಬೇಕು, ಹೆಚ್ಚು ಜನ ಬೇಸತ್ತು ಬಿಡುವುದು ಇಲ್ಲೇ. ಇಟಲಿಯಲ್ಲಿ ಪರದೇಶದ ಚಿತ್ರ, ಧಾರಾವಾಹಿ ಎಲ್ಲವನ್ನೂ ಡಬ್ ಮಾಡುವ ಪದ್ಧತಿ 1930ರ ದಶಕದಿಂದ ಬೇರೂರಿದೆ. ಡಬ್ಬಿಂಗ್ ಮಾತು ಸ್ಟುಡಿಯೊದ್ದು: ಉಚ್ಚಾರ ಸ್ವಚ್ಛ, ಪ್ರಾದೇಶಿಕ ಛಾಯೆ ಕಡಿಮೆ, ಒಬ್ಬರ ಮೇಲೊಬ್ಬರು ಮಾತಾಡುವುದಿಲ್ಲ. ಹಾಗಾಗಿ ನೀವು ಈಗಾಗಲೇ ಇಂಗ್ಲಿಷಿನಲ್ಲಿ ಚೆನ್ನಾಗಿ ನೋಡಿರುವ ಧಾರಾವಾಹಿಯ ಇಟಾಲಿಯನ್ ಡಬ್ಬಿಂಗ್ ಒಳ್ಳೆಯ ಮೆಟ್ಟಿಲು. ತೊಂದರೆ ಏನೆಂದರೆ ಡಬ್ಬಿಂಗ್ ಮಾಡುವವರೇ ಬೇರೆ, ಸಬ್‌ಟೈಟಲ್ ಮಾಡುವವರೇ ಬೇರೆ. ಡಬ್ಬಿಂಗ್ ತುಟಿಯ ಚಲನೆಗೆ ಹೊಂದಬೇಕು, ಸಬ್‌ಟೈಟಲ್ ಪರದೆಯ ಅಳತೆಗೆ ಹೊಂದಬೇಕು. ಹೀಗಾಗಿ ಕಿವಿಗೆ ಒಂದು ವಾಕ್ಯ, ಕಣ್ಣಿಗೆ ಇನ್ನೊಂದು. ಕಲಿಯುವವರು ತಮ್ಮ ಕಿವಿಯದೇ ದೋಷ ಎಂದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಇಟಾಲಿಯನ್ ಹೆಸರಿನ ಮುಂದೆ ಸಿಸಿ ಎಂಬ ಗುರುತಿದ್ದರೆ ಅದು ಕಿವುಡರಿಗಾಗಿ ಮಾಡಿದ್ದು, ಅನೇಕ ಸಲ ಡಬ್ಬಿಂಗ್ ಮಾತಿಗೇ ಹೊಂದುತ್ತದೆ. ಅದನ್ನೇ ಆರಿಸಿ. ಇಲ್ಲದಿದ್ದರೆ ಡಬ್ ಆದದ್ದನ್ನು ಸಬ್‌ಟೈಟಲ್ ಇಲ್ಲದೆ ಮಾತ್ರ ನೋಡಿ, ನಾಲ್ಕು ಸುತ್ತಿನ ಕೆಲಸಕ್ಕೆ ಮೂಲ ಇಟಾಲಿಯನ್ ಕಾರ್ಯಕ್ರಮ ಇಟ್ಟುಕೊಳ್ಳಿ.

ಮೂಲ ಇಟಾಲಿಯನ್ ಧಾರಾವಾಹಿಯಲ್ಲೂ ಸಬ್‌ಟೈಟಲ್ ಪೂರ್ತಿ ಮಾತನ್ನು ಕೊಡುವುದಿಲ್ಲ. ನೆಟ್‌ಫ್ಲಿಕ್ಸ್ ನಿಯಮದಂತೆ ಎರಡು ಸಾಲು, ಸಾಲಿಗೆ 42 ಅಕ್ಷರಗಳ ಮಿತಿ. ಜಾಗ ಸಾಲದಿದ್ದರೆ ಮೊದಲು ಉದುರುವುದು ಅಲ್ಲೋರ, ದಾಯ್, ಚೊಯೆ, ಇನ್ಸೊಮ್ಮ, ಮೀಕ, ಬೊ. ನಮ್ಮ ಹಾಗಾದ್ರೆ, ಬಾರೋ, ಅಂದ್ರೆ, ಒಟ್ನಲ್ಲಿ ಇದ್ದ ಹಾಗೆ ಇವು. ಆಡುಮಾತಿನ ಜೀವ ಇವುಗಳಲ್ಲೇ ಇದೆ. ಆದ್ದರಿಂದ ಮೂರನೆಯ ಸುತ್ತಿನಲ್ಲಿ ಸಬ್‌ಟೈಟಲ್ ನುಂಗಿದ ಪದಗಳನ್ನೇ ಬೇಟೆಯಾಡಿ. ಭಾರತದ ನೆಟ್‌ಫ್ಲಿಕ್ಸಿನಲ್ಲಿ ಇಟಾಲಿಯನ್ ಆಯ್ಕೆಯೇ ಕಾಣಿಸುತ್ತಿಲ್ಲ ಎನ್ನುವವರು ಖಾತೆಯಲ್ಲಿ ಹೊಸ ಪ್ರೊಫೈಲ್ ತೆರೆದು ಅದರ ಭಾಷೆಯನ್ನು ಇಟಾಲಿಯನ್ ಮಾಡಿ. ಪಟ್ಟಿ ಉದ್ದವಾಗುತ್ತದೆ. ರಾಯಿಪ್ಲೇ ತಾಣದ ಎಷ್ಟೋ ಕಾರ್ಯಕ್ರಮಗಳು ಹಕ್ಕುಗಳ ಕಾರಣಕ್ಕೆ ಇಟಲಿಯ ಹೊರಗೆ ತೆರೆದುಕೊಳ್ಳುವುದಿಲ್ಲ. ಇಟಲಿಗೆ ಹೋಗಿ ಇಳಿದವರಿಗೆ ಅದು ದೊಡ್ಡ ಭಂಡಾರ. ಅಲ್ಲಿನ ಮನೆಯ ಟಿವಿಯಲ್ಲಿ ತೆಲೆವಿದೇಓ ಎಂಬ ಟೆಲಿಟೆಕ್ಸ್ಟ್ (ಪರದೆಯ ಮೇಲಿನ ಬರಹದ ಪುಟಗಳ) ಸೇವೆಯ 777ನೇ ಪುಟ ತೆರೆದರೆ ರಾಯಿ ವಾಹಿನಿಗಳಿಗೆ ಇಟಾಲಿಯನ್ ಸಬ್‌ಟೈಟಲ್ ಬರುತ್ತದೆ.

ಯಾವುದನ್ನು ನೋಡಬೇಕು? ತೀರಾ ಹೊಸಬರಿಗೆ ಧಾರಾವಾಹಿಗಿಂತ ಅಡುಗೆ ವಿಡಿಯೊ ವಾಸಿ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಜಾಲ್ಲೊ ದ್ಜಾಫ್ಫೆರಾನೊ ವಾಹಿನಿಯ ಯಾವುದೇ ಪಾಕ ತೆಗೆದುಕೊಳ್ಳಿ. ಈರುಳ್ಳಿ ಎಂದಾಗ ಕೈಯಲ್ಲಿ ಈರುಳ್ಳಿ, ಹೆಚ್ಚು ಎಂದಾಗ ಚಾಕು. ನಿಘಂಟೇ ಬೇಡ. ಅದಕ್ಕಿಂತ ದೊಡ್ಡ ಲಾಭ ವ್ಯಾಕರಣದ್ದು: 'ಅದನ್ನು ಹೆಚ್ಚೋಣ', 'ಅದರಲ್ಲಿ ಸ್ವಲ್ಪ ಹಾಕೋಣ' ಎಂದು ಲೊ, ಲ, ನೆ ಎಂಬ ಸರ್ವನಾಮಗಳು ಐದು ನಿಮಿಷದಲ್ಲಿ ಇಪ್ಪತ್ತು ಸಲ ಬರುತ್ತವೆ, ಯಾವ ವಸ್ತುವಿನ ಬದಲು ಬಂದವು ಎಂಬುದು ಕಣ್ಣೆದುರೇ ಇರುತ್ತದೆ. ಒಂದೇ ಎಚ್ಚರಿಕೆ: ಅಡುಗೆಯವರು 'ಅಂದಿಯಾಮೊ ಅ ತಲ್ಯಾರೆ' ಎನ್ನುತ್ತಾರೆ. 'ಹೆಚ್ಚಲು ಹೋಗೋಣ' ಎಂದು ಅಕ್ಷರಶಃ ಹಿಡಿಯಬೇಡಿ, ಈಗ ಹೆಚ್ಚುತ್ತೇವೆ ಎಂದಷ್ಟೇ ಅರ್ಥ. ಟಿವಿ ಅಡುಗೆಯ ಮಾತಿನ ರೂಢಿ ಅದು, ಊಟದ ಮನೆಯಲ್ಲಿ ಯಾರೂ ಅಷ್ಟು ಸಲ ಬಳಸುವುದಿಲ್ಲ.

ಯೂಟ್ಯೂಬಿನ ಈಸಿ ಇಟಾಲಿಯನ್ ವಾಹಿನಿಯವರು ಬೀದಿಯಲ್ಲಿ ಜನರನ್ನು ಮಾತಾಡಿಸಿ ಇಟಾಲಿಯನ್, ಇಂಗ್ಲಿಷ್ ಎರಡನ್ನೂ ಪರದೆಯ ಮೇಲೇ ಅಚ್ಚೊತ್ತಿ ಕೊಡುತ್ತಾರೆ. ತಿರುಳು ಒಳ್ಳೆಯದು, ಆದರೆ ಆ ಇಂಗ್ಲಿಷ್ ಸಾಲನ್ನು ತೆಗೆದುಹಾಕಲು ಬಟನ್ ಇಲ್ಲ. ಪರದೆಯ ತಳಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ. ಕಣ್ಣಿಗೆ ಇಂಗ್ಲಿಷ್ ಸಿಕ್ಕಿತೆಂದರೆ ಕಿವಿ ಕೆಲಸ ನಿಲ್ಲಿಸುತ್ತದೆ. ಮಕ್ಕಳ ಕಾರ್ಟೂನಿನಲ್ಲಿ ಐದು ನಿಮಿಷದ ಪೆಪ್ಪಾ ಪಿಗ್ ಡಬ್ಬಿಂಗ್, ಮೂಲ ಇಟಾಲಿಯನ್‌ನದೇ ಆದ ಪಿಂಪ ಒಳ್ಳೆಯವು.

ಸ್ವಲ್ಪ ಮುಂದೆ ಹೋದವರಿಗೆ 1996ರಿಂದ ನೇಪಲ್ಸಿನಲ್ಲಿ ನಡೆಯುತ್ತಿರುವ ಉನ್ ಪೊಸ್ತೊ ಅಲ್ ಸೋಲೆ ಧಾರಾವಾಹಿ ಇದೆ. ಅವೇ ಮುಖ, ಅವೇ ಮನೆ, ಅವೇ ಜಗಳ. ಪಾತ್ರಗಳು ಪರಿಚಯವಾದ ಮೇಲೆ ಪದಗಳು ತಾವಾಗಿ ಮರುಕಳಿಸುತ್ತವೆ. 2000ದಲ್ಲಿ ಶುರುವಾದ ದೊನ್ ಮತ್ತೇಓ, ಮೊದಲು ಗುಬ್ಬಿಯೊ ಆಮೇಲೆ ಸ್ಪೊಲೇತೊ ಪಟ್ಟಣದಲ್ಲಿ ನಡೆಯುವ ಪಾದ್ರಿ ಪತ್ತೇದಾರಿ, ಇನ್ನೊಂದು ಕಾರಣಕ್ಕೆ ಉಪಯುಕ್ತ: ಅಲ್ಲಿ ಪೊಲೀಸರು ಜನರನ್ನು ಗೌರವದ ರೂಪದಲ್ಲಿ ಪ್ರಶ್ನಿಸುತ್ತಾರೆ. ನಮಗೆ ಗೌರವ ಎಂದರೆ ಬಹುವಚನ. ಇಟಾಲಿಯನ್ನರು ಲೇಯಿ ಎಂದು ಪ್ರಥಮಪುರುಷ ಏಕವಚನ ಹಾಕುತ್ತಾರೆ, ಅದೇ ಪದಕ್ಕೆ 'ಅವಳು' ಎಂದೂ ಅರ್ಥ. 'ಲೇಯಿ ದೊವೇರ ಯೇರಿ ಸೇರ?' ಎಂದರೆ 'ನಿನ್ನೆ ಸಂಜೆ ನೀವೆಲ್ಲಿದ್ದಿರಿ?', ಹೊಸಬರು ಅವಳು ಯಾರು ಎಂದು ಹುಡುಕುತ್ತಾರೆ. ಕುಟುಂಬದ ಕಥೆಗಳಲ್ಲಿ ಬರೀ ತು, ಅಂದರೆ ನೀನು. ಅವನ್ನಷ್ಟೇ ನೋಡಿ ಹೋದವರು ಪೊಲೀಸ್ ಕಚೇರಿ, ಬ್ಯಾಂಕು, ಮನೆ ಮಾಲೀಕರ ಮುಂದೆ ಎಲ್ಲರನ್ನೂ ನೀನು ಎಂದು ಕರೆದುಬಿಡುತ್ತಾರೆ. ಹಾಗೆಂದು ಪತ್ತೇದಾರಿಯನ್ನಷ್ಟೇ ನೋಡಿದರೆ ಶವ, ಸುಳಿವು, ಶಂಕಿತ ಎಲ್ಲ ಗೊತ್ತಿರುತ್ತದೆ, ಬಸ್ ಟಿಕೆಟ್ ಕೇಳಲು ಬರುವುದಿಲ್ಲ.

ಸಂಜೆ ಎಂಟರ ಸುದ್ದಿಯನ್ನು ಬೇಗ ಶುರುಮಾಡಬೇಡಿ. ಅದು ಓದಿದ ಭಾಷೆ, ನಾಮಪದಗಳ ಸರಪಳಿ. ನೋಡಲೇಬೇಕೆಂದರೆ ಅಂದಿನ ಮುಖ್ಯ ಸುದ್ದಿ ಮೊದಲು ಓದಿಕೊಂಡು, ಶೀರ್ಷಿಕೆಗಳ ಭಾಗವನ್ನಷ್ಟೇ ಕೇಳಿ. 2002ರಿಂದ ಬರುತ್ತಿರುವ ಲೆರೆದಿತಾ ರಸಪ್ರಶ್ನೆಯ ಕೊನೆಯ ಆಟ ಮಾತ್ರ ಮಧ್ಯಮ ಮಟ್ಟದವರಿಗೆ ಹಬ್ಬ. ಐದು ಪದ ಕೊಟ್ಟು, ಐದಕ್ಕೂ ನಂಟಿರುವ ಆರನೆಯದನ್ನು ಒಂದು ನಿಮಿಷದಲ್ಲಿ ಹುಡುಕಬೇಕು. ಉತ್ತರ ಹೊಳೆಯದಿದ್ದರೂ ನಿರೂಪಕರು ಕೊನೆಗೆ ಒಂದೊಂದು ನಂಟನ್ನೂ ಬಿಡಿಸಿ ಹೇಳುವಾಗ ಗಾದೆ, ನುಡಿಗಟ್ಟು ಧಾರಾಳವಾಗಿ ಸಿಗುತ್ತವೆ.

ದೂರ ಇಡಬೇಕಾದವನ್ನೂ ಹೇಳಬೇಕು. ಗೊಮೊರ್ರ ಧಾರಾವಾಹಿಯಲ್ಲಿ ಆಡುವುದು ಬಹುಮಟ್ಟಿಗೆ ನೇಪಲ್ಸಿನ ನುಡಿ. ಇಟಲಿಯವರೇ ಅದನ್ನು ಸಬ್‌ಟೈಟಲ್ ಹಾಕಿಕೊಂಡು ನೋಡುತ್ತಾರೆ. ಲಾಮೀಕ ಜೆನ್ಯಾಲೆಯ ಮೊದಲ ಸೀಸನ್ನೂ ಹಾಗೆಯೇ. ಕಥೆಗಾಗಿ ಖಂಡಿತ ನೋಡಿ, ಪಾಠಕ್ಕಾಗಿ ಬೇಡ. ಚಿಕ್ಕದಾಗಿದೆ, ಕಾರ್ಟೂನು ಎಂದು ಹೊಸಬರು ಎತ್ತಿಕೊಳ್ಳುವ 2021ರ ಸ್ತ್ರಪ್ಪಾರೆ ಲುಂಗೊ ಇ ಬೋರ್ದಿಯಲ್ಲಿ ರೋಮಿನ ಬೀದಿಮಾತು ಬಿರುಸಾಗಿ ಹರಿಯುತ್ತದೆ, ಎಲ್ಲ ಪಾತ್ರಗಳಿಗೂ ಬಹುತೇಕ ಒಬ್ಬರದೇ ಕಂಠ. ಮೊಂತಾಲ್ಬಾನೊ ಎಂಬ ಪೊಲೀಸ್ ಅಧಿಕಾರಿಯ ಸರಣಿ 1999ರಿಂದ 2021ರವರೆಗೆ ಬಂತು, ಸಿಸಿಲಿಯ ರಗೂಸ ಸೀಮೆಯ ಬೆಳಕು ಅದರಲ್ಲಿದೆ. 'ನಾನು ಮೊಂತಾಲ್ಬಾನೊ' ಎನ್ನಲು 'ಮೊಂತಾಲ್ಬಾನೊ ಸೋನೊ' ಎಂದು ಕ್ರಿಯಾಪದ ಕೊನೆಗೆ ಬಂದಾಗ ಕನ್ನಡಿಗರಿಗೆ ಸಹಜವೆನ್ನಿಸುತ್ತದೆ, ಆದರೆ ಅದು ಸಿಸಿಲಿಯ ರೀತಿ. ಬೇರೆಡೆ 'ಸೋನೊ ಮೊಂತಾಲ್ಬಾನೊ' ಎನ್ನಬೇಕು. ಕತರೆಲ್ಲ ಎಂಬ ಪಾತ್ರ ಕಚೇರಿಯ ಭಾಷೆಯನ್ನು ತಿರುಚಿ ಆಡುತ್ತಾನೆ. ಅವನ ಸಾಲು ಅರ್ಥವಾಗದಿದ್ದರೆ ಚಿಂತೆ ಬೇಡ.

ಸಭಿಕರ ಪ್ರಶ್ನೆಗಳಿಂದ

*ಮಗಳು ತೊರಿನೊಗೆ ಓದಲು ಹೋಗುತ್ತಿದ್ದಾಳೆ. ಪಾಠ ಇಂಗ್ಲಿಷಿನಲ್ಲೇ. ಇಟಾಲಿಯನ್ ಎಷ್ಟು ಬೇಕು, ಯಾವುದರಿಂದ ಶುರುಮಾಡಲಿ?*

ತರಗತಿಗೆ ಬೇಡದಿರಬಹುದು ಅಮ್ಮ, ಇಳಿದ ಮೊದಲ ವಾರಕ್ಕೇ ಬೇಕು. ವಾಸದ ಪರವಾನಗಿಗೆ ಎಂಟು ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ಅರ್ಜಿಯ ಲಕೋಟೆ ಕೊಡಬೇಕು. ಆ ಅರ್ಜಿ ತುಂಬುವುದನ್ನು ಇಟಾಲಿಯನ್‌ನಲ್ಲೇ ವಿವರಿಸುವ ವಿಡಿಯೊಗಳಿವೆ. ಹೊರಡುವ ಎರಡು ತಿಂಗಳ ಮೊದಲು ಅಂಥ ಒಂದೆರಡನ್ನು ನಾಲ್ಕು ಸುತ್ತಿನ ಕ್ರಮದಲ್ಲಿ ಮುಗಿಸಲಿ. ಹುಟ್ಟಿದ ದಿನಾಂಕ, ವಿಳಾಸ, ಸಹಿ, ರಸೀದಿ, ಬೆರಳಚ್ಚು ಎಂಬ ಪದಗಳು ಕೇಳಿದ ಕೂಡಲೇ ತಿಳಿಯಬೇಕು. ಜೊತೆಗೆ ಅಂಕಿಗಳು. ಫೋನ್ ನಂಬರನ್ನು ಅವರು ಎರಡೆರಡು ಮೂರ್ಮೂರು ಅಂಕಿ ಸೇರಿಸಿ ಹೇಳುತ್ತಾರೆ, ಅದಕ್ಕೆ ಬೇರೆಯೇ ಅಭ್ಯಾಸ ಬೇಕು.

*ಪೌರತ್ವಕ್ಕೆ ಬಿ1 ಪರೀಕ್ಷೆ ಕೇಳುತ್ತಾರಂತೆ. ವಿಡಿಯೊ ನೋಡಿಯೇ ಪಾಸಾಗಬಹುದೆ?*

2018ರ ಕಾನೂನಿನಿಂದ ಬಿ1, ಅಂದರೆ ಮಧ್ಯಮ ಮಟ್ಟದ ಭಾಷಾಜ್ಞಾನ, ಕಡ್ಡಾಯವಾಗಿದೆ, ದೀರ್ಘಾವಧಿ ವಾಸದ ಪರವಾನಗಿಗೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎ2. ಸಿಯೇನದ ಚಿಲ್ಸ್, ಪೆರೂಜದ ಚೆಲಿ ಪರೀಕ್ಷೆಗಳಲ್ಲಿ ಆಲಿಸುವುದು ಒಂದು ಭಾಗ ಮಾತ್ರ. ಅದಕ್ಕೆ ಈ ಅಭ್ಯಾಸ ಚೆನ್ನಾಗಿ ಒದಗುತ್ತದೆ. ಬರವಣಿಗೆಗೂ ಮಾತಿಗೂ ತಿದ್ದುವವರು ಬೇಕೇ ಬೇಕು. ಒಂದು ಸೇತುವೆ ಹೀಗೆ ಕಟ್ಟಬಹುದು: ದೃಶ್ಯ ಮುಗಿದ ಮೇಲೆ ಅದರ ಕಥೆಯನ್ನು ಐದು ವಾಕ್ಯದಲ್ಲಿ ಇಟಾಲಿಯನ್‌ನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಅದನ್ನೇ ಬರೆದು, ವಾರಕ್ಕೊಮ್ಮೆ ಶಿಕ್ಷಕರಿಗೆ ತೋರಿಸಿ.

*ಯೂಟ್ಯೂಬಿನಲ್ಲಿ ಕನ್ನಡ ಸಬ್‌ಟೈಟಲ್ ತಾನಾಗಿಯೇ ಬರುತ್ತದಲ್ಲ, ಅದನ್ನೇ ಬಳಸಿದರೆ?*

ಅದು ಯಂತ್ರ ಕೇಳಿಸಿಕೊಂಡದ್ದನ್ನು ಯಂತ್ರವೇ ಅನುವಾದಿಸಿದ್ದು. ಕೇಳುವಾಗ ಆದ ತಪ್ಪು ಅನುವಾದದಲ್ಲಿ ಇಮ್ಮಡಿಯಾಗುತ್ತದೆ, ಒತ್ತಕ್ಷರ ತಪ್ಪಿದರಂತೂ ಟೋಪಿ ಕೂದಲಾಗುತ್ತದೆ. ಇನ್ನೊಂದು ತೊಡಕು ಅದು ಸರಿಯಿದ್ದಾಗಲೂ ಇರುತ್ತದೆ: ಇಟಾಲಿಯನ್‌ನಲ್ಲಿ ಕ್ರಿಯಾಪದ ಮೊದಲು ಬಂದುಬಿಡುತ್ತದೆ, ಕನ್ನಡದಲ್ಲಿ ಕೊನೆಗೆ. ಕಿವಿ ಮತ್ತು ಕಣ್ಣು ವಾಕ್ಯದ ಎರಡು ತುದಿಯಲ್ಲಿರುತ್ತವೆ. ಎರಡನೆಯ ಸುತ್ತಿನಲ್ಲಿ ಒಂದು ಸಾಲು ಏನು ಮಾಡಿದರೂ ಬಿಡಿಸದಿದ್ದರೆ ಕನ್ನಡಕ್ಕೆ ಬದಲಿಸಿ ಆ ಸಾಲನ್ನಷ್ಟೇ ನೋಡಿ, ಮತ್ತೆ ಇಟಾಲಿಯನ್‌ಗೆ ಮರಳಿ. ಕಾರ್ಯಕ್ರಮದವರೇ ಕೈಯಿಂದ ಹಾಕಿದ ಇಟಾಲಿಯನ್ ಸಬ್‌ಟೈಟಲ್ ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಸೆಟ್ಟಿಂಗಿನ ಪಟ್ಟಿಯಲ್ಲಿ ಇಟಾಲಿಯನ್ ಪಕ್ಕ 'ತಾನಾಗಿ ರಚಿಸಿದ್ದು' ಎಂದಿದ್ದರೆ ಅದು ಯಂತ್ರದ್ದು, ಬರೀ ಇಟಾಲಿಯನ್ ಎಂದಿದ್ದರೆ ಅವರು ಹಾಕಿದ್ದು.